ಗರ್ಭಪಾತದ ನಂತರ ಮತ್ತೆ ಗರ್ಭ: ಎಷ್ಟು ಕಾಯಬೇಕು, ಏನು ತಿಳಿದಿರಬೇಕು

ಮುಟ್ಟು ನಿಂತು, ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆ ಕಂಡು, ತವರಿಗೆ ಸುದ್ದಿ ಮುಟ್ಟಿಸುವ ಮೊದಲೇ ಗರ್ಭ ಇಳಿದುಹೋಗುವುದು ಅಪರೂಪದ ಸಂಗತಿಯಲ್ಲ. ಖಚಿತಪಟ್ಟ ನೂರು ಗರ್ಭಗಳಲ್ಲಿ ಸುಮಾರು 15 ಹೀಗೆ ಕೊನೆಗೊಳ್ಳುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಪಾತಗಳಾಗುತ್ತವೆ ಎಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2021ರಲ್ಲಿ ಅಂದಾಜು ಮಾಡಿತು. ಇವುಗಳಲ್ಲಿ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಆಗಿಬಿಡುತ್ತವೆ. ಇಷ್ಟು ಸಾಮಾನ್ಯವಾದ ವಿಷಯವನ್ನು ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲೇ ಆಡುತ್ತಾರೆ. ಹಾಗಾಗಿ ಮತ್ತೆ ಯಾವಾಗ ಪ್ರಯತ್ನಿಸಬಹುದು, ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬ ಸರಳ ಪ್ರಶ್ನೆಗಳಿಗೂ ಹೆಣ್ಣುಮಕ್ಕಳಿಗೆ ನೆರೆಹೊರೆಯವರ ಊಹೆಗಳೇ ಉತ್ತರವಾಗಿ ಸಿಗುತ್ತವೆ. ಆ ಪ್ರಶ್ನೆಗಳಿಗೆ ವೈದ್ಯಕೀಯ ಇಂದು ಕೊಡುವ ಉತ್ತರಗಳು ಇಲ್ಲಿವೆ.

ಗರ್ಭ ಏಕೆ ನಿಲ್ಲುವುದಿಲ್ಲ?

ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ಕೆಲವು ಅಧ್ಯಯನಗಳಂತೆ ಅದಕ್ಕೂ ಹೆಚ್ಚಿನವಕ್ಕೆ, ಭ್ರೂಣದ ಕ್ರೋಮೋಸೋಮ್‌ಗಳ ಲೆಕ್ಕ ತಪ್ಪುವುದೇ ಕಾರಣ. ತಾಯಿಯಿಂದ 23, ತಂದೆಯಿಂದ 23 ಸೇರಿ 46 ಆಗಬೇಕಾದ ಕಡೆ ಒಂದು ಹೆಚ್ಚಾಗುತ್ತದೆ ಅಥವಾ ಒಂದು ಕಡಿಮೆಯಾಗುತ್ತದೆ. ಅಂಥ ಭ್ರೂಣ ಕೆಲವು ವಾರ ಬೆಳೆದು ನಿಂತುಬಿಡುತ್ತದೆ. ಈ ತಪ್ಪು ಅಂಡಾಣು ಪಕ್ವವಾಗುವಾಗ ಇಲ್ಲವೇ ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ತಾನಾಗಿ ಆಗುವಂಥದ್ದು. ವಯಸ್ಸು ಏರಿದಂತೆ ಇದರ ಸಾಧ್ಯತೆಯೂ ಏರುತ್ತದೆ. 2019ರಲ್ಲಿ ಪ್ರಕಟವಾದ ನಾರ್ವೆ ದೇಶದ ದೊಡ್ಡ ಅಧ್ಯಯನವೊಂದರಲ್ಲಿ 27ರ ಆಸುಪಾಸಿನ ಹೆಂಗಸರಲ್ಲಿ ಗರ್ಭಪಾತದ ಪ್ರಮಾಣ ಶೇ 10ರಷ್ಟಿತ್ತು. 45 ದಾಟಿದವರಲ್ಲಿ ಅದು ಅರ್ಧಕ್ಕಿಂತ ಹೆಚ್ಚು.

ಆದರೆ ಮನೆಯಲ್ಲಿ ಕೇಳಿಬರುವ ಕಾರಣಗಳೇ ಬೇರೆ. ಸ್ಕೂಟರ್ ಓಡಿಸಿದಳು, ತುಂಬಿದ ಬಿಂದಿಗೆ ಎತ್ತಿದಳು, ಮಹಡಿ ಹತ್ತಿ ಇಳಿದಳು, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಪರಂಗಿಹಣ್ಣು ತಿಂದಳು. ಇವುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ಭ್ರೂಣದ ಬೆಳವಣಿಗೆ ನಿಂತ ದಿನಕ್ಕೂ ರಕ್ತ ಕಾಣಿಸಿದ ದಿನಕ್ಕೂ ಎಷ್ಟೋ ಸಲ ಒಂದೆರಡು ವಾರಗಳ ಅಂತರವಿರುತ್ತದೆ. ನಿನ್ನೆ ಮಾಡಿದ ಕೆಲಸಕ್ಕೂ ಇಂದಿನ ರಕ್ತಸ್ರಾವಕ್ಕೂ ನಂಟು ಹಾಕುವುದು ಆ ಲೆಕ್ಕದಲ್ಲೇ ತಪ್ಪು. ಪರಂಗಿಯ ವಿಷಯದಲ್ಲಿ 2002ರಲ್ಲಿ ಸಿಂಗಪುರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿದ್ದರು. ಕಾಯಿಯ ಹಾಲು ಗರ್ಭಕೋಶವನ್ನು ಸಂಕುಚಿಸುವಂತೆ ಮಾಡಿತು. ಚೆನ್ನಾಗಿ ಮಾಗಿದ ಹಣ್ಣು ಏನೂ ಮಾಡಲಿಲ್ಲ. ಕಾಯಿಯ ಪಲ್ಯ ಬಿಟ್ಟರೆ ಸಾಕು, ಹಣ್ಣು ತಿಂದವಳನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬೇಕಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಮುಂದಿನ ಗರ್ಭದ ತಯಾರಿಗೆ ಬಹುದೊಡ್ಡ ಅಡ್ಡಿ ಅನೇಕ ಸಲ ದೇಹದ್ದಲ್ಲ, ಹೆಣ್ಣಿನ ತಲೆಯ ಮೇಲೆ ಹೇರಿದ ಈ ತಪ್ಪಿತಸ್ಥ ಭಾವನೆಯದು.

ಎಷ್ಟು ತಿಂಗಳು ಕಾಯಬೇಕು?

"ಆರು ತಿಂಗಳು ಬಿಡಿ, ಮೈ ಸುಧಾರಿಸಲಿ" ಎಂಬ ಮಾತನ್ನು ಕೇಳದ ದಂಪತಿ ಇಲ್ಲ. ಅದು ಬರೀ ಅಜ್ಜಿಯ ಮಾತಲ್ಲ. ಅದಕ್ಕೊಂದು ವೈದ್ಯಕೀಯ ಮೂಲವಿದೆ. ಗರ್ಭಪಾತದ ನಂತರ ಕನಿಷ್ಠ ಆರು ತಿಂಗಳು ಅಂತರವಿರಲಿ ಎಂಬ ಶಿಫಾರಸು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕರೆದ ತಜ್ಞರ ಸಭೆಯಿಂದ ಬಂತು. ಅದಕ್ಕೆ ಮುಖ್ಯ ಆಧಾರವಾಗಿದ್ದದ್ದು ಲ್ಯಾಟಿನ್ ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಕಲೆಹಾಕಿದ ಒಂದೇ ಅಧ್ಯಯನ. ಆ ದಾಖಲೆಗಳಲ್ಲಿ ತಾನಾಗಿ ಆದ ಗರ್ಭಪಾತ ಯಾವುದು, ಮಾಡಿಸಿಕೊಂಡದ್ದು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ. ಆಗ ಅಲ್ಲಿನ ಹಲವು ದೇಶಗಳಲ್ಲಿ ಗರ್ಭಪಾತ ಮಾಡಿಸಿಕೊಳ್ಳುವುದು ಕಾನೂನಿಗೆ ವಿರುದ್ಧವಾಗಿತ್ತು. ಕದ್ದುಮುಚ್ಚಿ ಅಸುರಕ್ಷಿತವಾಗಿ ಮಾಡಿಸಿಕೊಂಡು ಸೋಂಕು ತಗುಲಿದವರೂ ಆ ಲೆಕ್ಕದಲ್ಲಿ ಸೇರಿದ್ದಿರಬಹುದು. ಶಿಫಾರಸು ಮಾಡಿದ ತಜ್ಞರೇ ಈ ಮಿತಿಯನ್ನು ಗುರುತಿಸಿದ್ದರು. ಆದರೂ ಆರು ತಿಂಗಳ ಮಾತು ಮಾತ್ರ ಊರೂರು ತಲುಪಿತು.

ಮುಂದಿನ ವರ್ಷಗಳಲ್ಲಿ ಬಂದ ಪುರಾವೆಗಳು ಬೇರೆ ದಿಕ್ಕು ತೋರಿಸಿದವು. 2010ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಮೊದಲ ಗರ್ಭ ಕಳೆದುಕೊಂಡ ಸುಮಾರು 31 ಸಾವಿರ ಹೆಂಗಸರ ದಾಖಲೆಗಳನ್ನು ಪರಿಶೀಲಿಸಿದರು. ಆರು ತಿಂಗಳ ಒಳಗೇ ಮತ್ತೆ ಗರ್ಭ ಧರಿಸಿದವರಲ್ಲಿ ಎರಡನೇ ಗರ್ಭಪಾತ ಕಡಿಮೆಯಿತ್ತು, ಗರ್ಭನಾಳದಲ್ಲಿ ಗರ್ಭ ಕಟ್ಟುವುದೂ ಕಡಿಮೆಯಿತ್ತು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳ ಒಳಗೆ ಪ್ರಯತ್ನ ಶುರುಮಾಡಿದವರಲ್ಲಿ ಶೇ 53 ಮಂದಿ ಮಗುವನ್ನು ಹೆತ್ತರು. ಅದಕ್ಕಿಂತ ತಡಮಾಡಿದವರಲ್ಲಿ ಶೇ 36 ಮಂದಿ. ಬೇಗ ಪ್ರಯತ್ನಿಸಿದವರಲ್ಲಿ ತೊಡಕುಗಳೇನೂ ಹೆಚ್ಚಿರಲಿಲ್ಲ. ನಾರ್ವೆಯ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2022ರ ಅಧ್ಯಯನವೂ, ಬೇಗ ಗರ್ಭ ಧರಿಸಿದರೆ ಮಗುವಿಗೆ ಅಪಾಯವಿದೆ ಎನ್ನುವುದಕ್ಕೆ ಆಧಾರ ಕಾಣಲಿಲ್ಲ.

ಬೇಗ ಗರ್ಭ ನಿಲ್ಲುವವರು ಮೊದಲೇ ಆರೋಗ್ಯವಂತರಿರಬಹುದು, ಆದ್ದರಿಂದಲೇ ಫಲಿತಾಂಶ ಚೆನ್ನಾಗಿ ಕಂಡಿರಬಹುದು ಎಂಬ ಆಕ್ಷೇಪಕ್ಕೆ ಅರ್ಥವಿದೆ. ಹಾಗಾಗಿ ಈ ಅಧ್ಯಯನಗಳನ್ನು ಓದಿ ಅವಸರ ಮಾಡಬೇಕೆಂದೇನೂ ಇಲ್ಲ. ಆದರೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು: ಮೊದಲ ಮೂರು ತಿಂಗಳಲ್ಲಿ ಯಾವ ತೊಡಕೂ ಇಲ್ಲದೆ ಆದ ಒಂದು ಗರ್ಭಪಾತದ ನಂತರ, ರಕ್ತಸ್ರಾವ ಪೂರ್ತಿ ನಿಂತು ಇಬ್ಬರ ಮನಸ್ಸೂ ಒಪ್ಪಿದರೆ, ತಿಂಗಳುಗಟ್ಟಲೆ ಕಾಯುವ ಅಗತ್ಯ ದೇಹಕ್ಕಿಲ್ಲ. 35 ದಾಟಿದ ಹೆಣ್ಣಿಗೆ ಆರು ತಿಂಗಳು ಎಂಬುದು ಸಣ್ಣ ಅವಧಿಯಲ್ಲ. ಕಾರಣವಿಲ್ಲದೆ ಅವಳನ್ನು ಕಾಯಿಸುವುದು ಅನ್ಯಾಯ.

ಕಾಯಲೇಬೇಕಾದವರು

ಕೆಲವು ಸಂದರ್ಭಗಳಲ್ಲಿ ಕಾಯುವುದು ಕಡ್ಡಾಯ. ಭ್ರೂಣ ಬೆಳೆಯದೆ ಗರ್ಭಕೋಶದೊಳಗೆ ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು ತುಂಬಿಕೊಳ್ಳುವ ಮೋಲಾರ್ ಗರ್ಭ ಅವುಗಳಲ್ಲಿ ಮೊದಲನೆಯದು. ಇದನ್ನು ತೆಗೆದ ನಂತರವೂ ಅದರ ಅಂಶ ಒಳಗೆ ಉಳಿದು ಬೆಳೆಯಬಹುದು, ಅಪರೂಪಕ್ಕೆ ಕ್ಯಾನ್ಸರ್ ಆಗಬಹುದು. ಅದನ್ನು ಪತ್ತೆ ಮಾಡಲು ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನಿನ ಮಟ್ಟವನ್ನು ರಕ್ತದಲ್ಲಿ ಮತ್ತೆ ಮತ್ತೆ ನೋಡುತ್ತಿರಬೇಕು. ನಡುವೆ ಹೊಸ ಗರ್ಭ ನಿಂತರೆ ಹಾರ್ಮೋನು ಏರಿದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ವೈದ್ಯರು ನಿಗಾ ಮುಗಿಯಿತು ಎನ್ನುವವರೆಗೆ, ಅಂದರೆ ಅನೇಕರಿಗೆ ಆರು ತಿಂಗಳವರೆಗೆ, ಗರ್ಭನಿರೋಧಕ ಬಳಸಬೇಕು. ಕೀಮೋಥೆರಪಿ ಬೇಕಾಗಿ ಬಂದವರಿಗೆ ಒಂದು ವರ್ಷ.

ಗರ್ಭನಾಳದಲ್ಲಿ ಕಟ್ಟಿದ ಗರ್ಭಕ್ಕೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಪಡೆದವರು ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು. ಆ ಔಷಧಿ ದೇಹದಲ್ಲಿ ಫೋಲಿಕ್ ಆಮ್ಲದ ಕೆಲಸಕ್ಕೇ ತಡೆಯೊಡ್ಡುತ್ತದೆ, ಮತ್ತು ಭ್ರೂಣದ ಬೆನ್ನುಹುರಿ ರೂಪುಗೊಳ್ಳಲು ಬೇಕಾದದ್ದು ಅದೇ ಆಮ್ಲ. ಸೋಂಕು ತಗುಲಿದವರು, ತುಂಬಾ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದವರು ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಾರೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತದೆ. ಈ ಮಾತು ನಮ್ಮಲ್ಲಿ ಬಹಳ ಜನಕ್ಕೆ ಅನ್ವಯಿಸುತ್ತದೆ. ಸಿಸೇರಿಯನ್ ಆಗಿ ಮಗು ಉಳಿಯದಿದ್ದರೆ ಗರ್ಭಕೋಶದ ಗಾಯ ಗಟ್ಟಿಯಾಗಲು ಹೆಚ್ಚು ಸಮಯ ಬೇಕು. ಅದನ್ನು ಶಸ್ತ್ರಕ್ರಿಯೆ ಮಾಡಿದ ವೈದ್ಯರೊಡನೆಯೇ ಮಾತಾಡಿ ತೀರ್ಮಾನಿಸಬೇಕು.

ದಿನ ತುಂಬುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡವರ ನೋವು ಇನ್ನೂ ಭಾರವಾದದ್ದು. ಅವರ ಬಗ್ಗೆ ಆಸ್ಟ್ರೇಲಿಯಾ, ಫಿನ್‌ಲೆಂಡ್, ನಾರ್ವೆಗಳ 14 ಸಾವಿರ ತಾಯಂದಿರ ಅಧ್ಯಯನ 2019ರಲ್ಲಿ ಬಂತು. ಒಂದು ವರ್ಷದೊಳಗೆ ಮತ್ತೆ ಗರ್ಭ ಧರಿಸಿದ್ದರಿಂದ ಮತ್ತೊಂದು ಮಗುವನ್ನು ಹಾಗೆ ಕಳೆದುಕೊಳ್ಳುವ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆದರೆ ಇಲ್ಲಿ ಮೊದಲು ಕಾರಣ ಹುಡುಕಬೇಕು: ಬಿಪಿ, ಶುಗರ್, ಮಾಸುಚೀಲ, ಮಗುವಿನ ಬೆಳವಣಿಗೆ ಎಲ್ಲವನ್ನೂ ನೋಡಿಯೇ ಮುಂದಿನ ಹೆಜ್ಜೆ.

ಮುಟ್ಟು ಮರಳುವ ಬಗೆ

ಗರ್ಭಪಾತವಾದ ನಾಲ್ಕರಿಂದ ಆರು ವಾರಗಳಲ್ಲಿ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಅಂಡಾಣು ಅದಕ್ಕೂ ಮೊದಲೇ, ಎರಡು ವಾರಕ್ಕೇ ಬಿಡುಗಡೆಯಾಗಬಹುದು. ಅಂದರೆ ಒಂದು ಮುಟ್ಟೂ ಬಾರದೆ ಮತ್ತೆ ಗರ್ಭ ನಿಲ್ಲುವುದು ಸಾಧ್ಯ. ತಕ್ಷಣ ಮಗು ಬೇಡ ಎನ್ನುವವರು ಮೊದಲ ದಿನದಿಂದಲೇ ಗರ್ಭನಿರೋಧಕ ಬಳಸಬೇಕಾದದ್ದು ಇದಕ್ಕೇ. ಒಂದು ಮುಟ್ಟು ಆಗಲಿ ಎಂದು ವೈದ್ಯರು ಹೇಳುವುದು ಮುಖ್ಯವಾಗಿ ಮುಂದಿನ ಗರ್ಭದ ದಿನಗಳನ್ನು ಲೆಕ್ಕ ಹಾಕಲು ಅನುಕೂಲವಾಗಲಿ ಎಂದು. ರಕ್ತಸ್ರಾವ ನಿಲ್ಲುವವರೆಗೆ ದೈಹಿಕ ಸಂಪರ್ಕ ಬೇಡ, ಸೋಂಕಿನ ಭಯವಿರುತ್ತದೆ.

ಗರ್ಭ ಹೋದರೂ ಎಚ್‌ಸಿಜಿ ಹಾರ್ಮೋನು ಕೆಲವು ವಾರ ದೇಹದಲ್ಲಿ ಉಳಿಯುತ್ತದೆ. ಆಗ ಮೂತ್ರ ಪರೀಕ್ಷೆ ಮಾಡಿದರೆ ಎರಡು ಗೆರೆ ಬರುತ್ತವೆ, ಸುಳ್ಳು ಆಸೆ ಹುಟ್ಟುತ್ತದೆ. ಮೂರು ವಾರ ಬಿಟ್ಟು ಪರೀಕ್ಷಿಸಿ. ಆಗಲೂ ಎರಡು ಗೆರೆ ಬಂದರೆ ಒಳಗೆ ಏನಾದರೂ ಉಳಿದಿದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

'ಕ್ಲೀನ್' ಮಾಡಿಸಿದ ಮೇಲೆ

ಗರ್ಭಪಾತವಾದಾಗ ಗರ್ಭಕೋಶ ತಾನಾಗಿ ಖಾಲಿಯಾಗಲು ಬಿಡಬಹುದು, ಮಾತ್ರೆ ಕೊಡಬಹುದು, ಇಲ್ಲವೇ ಒಳಗೆ ಉಳಿದ ಅಂಶವನ್ನು ಆಸ್ಪತ್ರೆಯಲ್ಲಿ ತೆಗೆಯಬಹುದು; ಇದನ್ನೇ ಜನ 'ಕ್ಲೀನ್' ಮಾಡಿಸುವುದು ಎನ್ನುತ್ತಾರೆ. ಡಿ ಅಂಡ್ ಸಿ ಎಂದು ಜನ ಕರೆಯುವ ಕೆರೆಯುವ ವಿಧಾನಕ್ಕಿಂತ ಹೀರುವ ವಿಧಾನ ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪದೇ ಪದೇ ಕೆರೆದರೆ ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವ ಸಾಧ್ಯತೆಯಿದೆ. ಕ್ಲೀನ್ ಆದ ಮೇಲೆ ಮುಟ್ಟು ತೀರಾ ಕಡಿಮೆಯಾದರೆ ಅಥವಾ ಬಾರದೇ ಹೋದರೆ ಸುಮ್ಮನಿರಬೇಡಿ. ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಕಳಿಸಿ ನೋಡುವ ಹಿಸ್ಟರೋಸ್ಕೋಪಿಯಲ್ಲಿ ಈ ಅಂಟನ್ನು ಪತ್ತೆಮಾಡಿ ಬಿಡಿಸಬಹುದು.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದಿನ ಪ್ರಶ್ನೆ ಬರುತ್ತದೆ. ಕೊಡುವುದಾದರೆ ಗರ್ಭಪಾತವಾದ 72 ಗಂಟೆಗಳ ಒಳಗೆ ಕೊಡಬೇಕು. ಮೂರು ತಿಂಗಳೊಳಗಿನ ಗರ್ಭಪಾತಕ್ಕೆ ಅದು ಬೇಕೇ ಎಂಬ ಬಗ್ಗೆ ಮಾರ್ಗಸೂಚಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಕೇಳುವುದನ್ನಂತೂ ಮರೆಯಬಾರದು, ಏಕೆಂದರೆ ಬೇಕಿದ್ದೂ ಕೊಡದಿದ್ದರೆ ಅದರ ಪರಿಣಾಮ ಕಾಣುವುದು ಮುಂದಿನ ಗರ್ಭದಲ್ಲಿ.

ಎರಡನೇ ಸಲವೂ ಹೀಗಾದರೆ

ಒಂದು ಗರ್ಭಪಾತದ ನಂತರ ದೊಡ್ಡ ತಪಾಸಣೆ ಬೇಡ. ಬಹುಪಾಲು ಹೆಂಗಸರಿಗೆ ಮುಂದಿನ ಗರ್ಭ ದಿನ ತುಂಬುತ್ತದೆ. ಎರಡಾದರೆ ಕಾರಣ ಹುಡುಕಲು ಶುರುಮಾಡಿ ಎಂದು ಯುರೋಪ್ ಮತ್ತು ಅಮೆರಿಕದ ಸಂತಾನ ವೈದ್ಯರ ಸಂಘಗಳು ಹೇಳುತ್ತವೆ. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ಮೂರನ್ನು ಗಡಿಯಾಗಿ ಇಟ್ಟುಕೊಂಡಿದೆ. ನನ್ನ ಅಭಿಪ್ರಾಯದಲ್ಲಿ, ಎರಡು ಸಲ ಕಳೆದುಕೊಂಡವಳಿಗೆ "ಇನ್ನೊಂದು ಸಲ ನೋಡೋಣ" ಎಂದು ಹೇಳಿ ಕಳಿಸುವುದು ಕ್ರೌರ್ಯ.

ನೋಡಬೇಕಾದದ್ದು ಇಷ್ಟು. ಮೊದಲನೆಯದು ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು. ಇವು ಇದ್ದವರ ರಕ್ತ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ, ಮಾಸು ಸರಿಯಾಗಿ ಬೇರೂರುವುದಿಲ್ಲ. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಪರೀಕ್ಷಿಸಿಯೇ ಖಚಿತಪಡಿಸಬೇಕು. ಖಚಿತವಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು ನಿಜಕ್ಕೂ ಫಲ ಕೊಡುತ್ತವೆ. ಜೊತೆಗೆ ಥೈರಾಯ್ಡ್, ಶುಗರ್, ಗರ್ಭಕೋಶದ ಆಕಾರ. ಒಳಗೆ ಅಡ್ಡಗೋಡೆ ಇರುವುದು ಮೂರು ಆಯಾಮದ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಹೊರಬಿದ್ದ ಗರ್ಭದ ಅಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಬಹುದು. ಅಗತ್ಯ ಕಂಡರೆ ಗಂಡ-ಹೆಂಡತಿ ಇಬ್ಬರ ಕ್ರೋಮೋಸೋಮ್‌ಗಳನ್ನೂ ನೋಡುತ್ತಾರೆ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಕರ್ನಾಟಕದಲ್ಲಿ ಇನ್ನೂ ಸಾಮಾನ್ಯ. ಆರಂಭದ ಗರ್ಭಪಾತಕ್ಕೆಲ್ಲ ಸಂಬಂಧದಲ್ಲಿ ಮದುವೆಯಾದದ್ದೇ ಕಾರಣ ಎನ್ನಲಾಗದು. ಆದರೆ ತಡವಾಗಿ ಗರ್ಭ ಹೋದವರು, ಮಗು ಹುಟ್ಟಿ ಉಳಿಯದವರು, ಮನೆತನದಲ್ಲಿ ಇಂಥದೇ ಘಟನೆಗಳಿರುವವರು ಮತ್ತೆ ಪ್ರಯತ್ನಿಸುವ ಮುನ್ನ ತಳಿವಿಜ್ಞಾನದ ಸಲಹೆ ಪಡೆಯಬೇಕು.

ಬೇಡದ ಪರೀಕ್ಷೆ, ಚಿಕಿತ್ಸೆಗಳ ಪಟ್ಟಿಯೂ ಅಷ್ಟೇ ಮುಖ್ಯ. ಕೆಲವು ಸೋಂಕುಗಳನ್ನು ಹುಡುಕಲು ನಮ್ಮಲ್ಲಿ ವಾಡಿಕೆಯಂತೆ ಬರೆದುಕೊಡುವ ಟಾರ್ಚ್ ರಕ್ತಪರೀಕ್ಷೆಯಿಂದ ಮರುಕಳಿಸುವ ಗರ್ಭಪಾತದ ಕಾರಣ ಸಿಗುವುದಿಲ್ಲ ಎಂಬುದು ಹಳೆಯ, ಸ್ಥಿರವಾದ ತೀರ್ಮಾನ. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯನ್ನು ಬಳಸಬಾರದೆಂದು ಯುರೋಪಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ದುಃಖದಲ್ಲಿರುವ ದಂಪತಿಯ ಕೈಯಿಂದ ಸಾವಿರಾರು ರೂಪಾಯಿ ಹೋಗುವುದು ಇಂಥ ಕಡೆಗೇ.

ಎಷ್ಟೆಲ್ಲ ನೋಡಿದರೂ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಕಾರಣ ಸಿಗುವುದಿಲ್ಲ. ಅದು ಕೆಟ್ಟ ಸುದ್ದಿಯಂತೆ ಕೇಳಿಸುತ್ತದೆ, ಆದರೆ ಅಂಥವರಲ್ಲೂ ಹೆಚ್ಚಿನವರಿಗೆ ವಿಶೇಷ ಚಿಕಿತ್ಸೆ ಇಲ್ಲದೆಯೇ ಮಗು ಆಗುತ್ತದೆ.

ಪ್ರೊಜೆಸ್ಟೆರಾನ್ ಮತ್ತು ಬೆಡ್ ರೆಸ್ಟ್

ಗರ್ಭ ನಿಂತ ಕೂಡಲೇ "ಗರ್ಭ ಗಟ್ಟಿಯಾಗಲು" ಪ್ರೊಜೆಸ್ಟೆರಾನ್ ಕೊಡುವುದು ನಮ್ಮಲ್ಲಿ ರೂಢಿ. ಬ್ರಿಟನ್ನಿನ ಸಂಶೋಧಕರ ಎರಡು ದೊಡ್ಡ ಪ್ರಯೋಗಗಳು ಇದರ ನಿಜವಾದ ಜಾಗವನ್ನು ತೋರಿಸಿವೆ. 2015ರ ಪ್ರಯೋಗದಲ್ಲಿ, ಕಾರಣ ತಿಳಿಯದ ಗರ್ಭಪಾತಗಳ ಇತಿಹಾಸವಿದ್ದವರಿಗೆ ಗರ್ಭ ನಿಂತಾಗಿನಿಂದ ಕೊಟ್ಟರೂ ಉಪಯೋಗ ಕಾಣಲಿಲ್ಲ. 2019ರಲ್ಲಿ 4 ಸಾವಿರಕ್ಕೂ ಹೆಚ್ಚು ಹೆಂಗಸರ ಪ್ರಯೋಗದಲ್ಲಿ, ಹಿಂದೆ ಗರ್ಭಪಾತವಾಗಿ ಈಗಿನ ಗರ್ಭದಲ್ಲೂ ರಕ್ತ ಕಾಣಿಸಿಕೊಂಡವರಿಗೆ ಅದು ಸಹಾಯ ಮಾಡುವಂತೆ ಕಂಡಿತು. ಅದರಂತೆ 2021ರಿಂದ ಬ್ರಿಟನ್ನಿನ ಮಾರ್ಗಸೂಚಿ ಈ ಗುಂಪಿಗೆ ದಿನಕ್ಕೆ ಎರಡು ಸಲ 400 ಮಿಲಿಗ್ರಾಂ ಯೋನಿಮಾರ್ಗದ ಪ್ರೊಜೆಸ್ಟೆರಾನ್ ಸೂಚಿಸುತ್ತದೆ. ಹಾಗಾಗಿ ಹಿಂದೆ ಗರ್ಭ ಕಳೆದುಕೊಂಡವರು ಮುಂದಿನ ಸಲ ಸ್ವಲ್ಪ ರಕ್ತ ಕಂಡರೂ ಅದೇ ದಿನ ವೈದ್ಯರನ್ನು ಕಾಣುವುದರಲ್ಲಿ ಲಾಭವಿದೆ.

ಹಾಸಿಗೆ ಬಿಟ್ಟು ಏಳಬಾರದು ಎಂಬ ಕಟ್ಟುಪಾಡಿನಿಂದ ಗರ್ಭಪಾತ ತಪ್ಪುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಮನೆಕೆಲಸದ ಹೊರೆ ಇಳಿಸಿ ವಿಶ್ರಾಂತಿ ಕೊಡಿ, ಅದು ಒಳ್ಳೆಯದೇ. ಅವಳನ್ನು ಮಂಚಕ್ಕೆ ಕಟ್ಟಿಹಾಕಬೇಡಿ.

ಪ್ರಯತ್ನಕ್ಕೆ ಮುನ್ನ

ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ 5 ಮಿಲಿಗ್ರಾಂ ಬೇಕಾಗುತ್ತದೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು. ಸಕ್ಕರೆ ಕಾಯಿಲೆ ಇರುವವರು, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ ಪ್ರಮಾಣವನ್ನು ಶೇ 6.5ಕ್ಕಿಂತ ಕೆಳಗೆ ತಂದುಕೊಂಡು ಪ್ರಯತ್ನಿಸುವುದು ಒಳಿತು. 10 ದಾಟಿದ್ದರೆ ಗರ್ಭ ಮುಂದೂಡಲೇಬೇಕು. ಫಿಟ್ಸ್‌ಗೆ ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ, ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು.

ಗಂಡನಿಗೂ ಇಲ್ಲಿ ಪಾತ್ರವಿದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಆದ್ದರಿಂದ ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಬಿಟ್ಟದ್ದರ ಫಲ ಕಾಣಲು ಮೂರು ತಿಂಗಳಾದರೂ ಬೇಕು. ಗರ್ಭ ನಿಲ್ಲದ ಹೊಣೆಯನ್ನು ಹೆಂಡತಿಯೊಬ್ಬಳಿಗೇ ಹೊರಿಸುವ ಮನೆಯವರಿಗೆ ಈ ಸಂಗತಿ ತಿಳಿದಿರಲಿ.

ಮನಸ್ಸು

ಲಂಡನ್ ಮತ್ತು ಬೆಲ್ಜಿಯಂನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆರಂಭದಲ್ಲೇ ಗರ್ಭ ಕಳೆದುಕೊಂಡ ಹೆಂಗಸರಲ್ಲಿ ಶೇ 29 ಮಂದಿಗೆ ಒಂದು ತಿಂಗಳ ನಂತರ ದೊಡ್ಡ ಆಘಾತಕ್ಕೆ ಸಿಕ್ಕವರಲ್ಲಿ ಕಾಣುವ ಲಕ್ಷಣಗಳಿದ್ದವು. ಒಂಬತ್ತು ತಿಂಗಳಾದರೂ ಶೇ 18 ಮಂದಿಯಲ್ಲಿ ಅವು ಉಳಿದಿದ್ದವು. "ಇನ್ನೂ ಚಿಕ್ಕ ವಯಸ್ಸು, ಮತ್ತೆ ಆಗುತ್ತೆ ಬಿಡು" ಎಂಬ ಸಮಾಧಾನ ಇಂಥ ಮನಸ್ಸಿಗೆ ತಾಕುವುದಿಲ್ಲ. ಗಂಡಸರೂ ನೋವು ಪಡುತ್ತಾರೆ, ಹೆಚ್ಚಿನವರು ಹೇಳಿಕೊಳ್ಳುವುದಿಲ್ಲ.

ನಾಗಪೂಜೆಯೋ ಸರ್ಪಸಂಸ್ಕಾರವೋ ಮಾಡಿಸಿ ನೆಮ್ಮದಿ ಪಡೆಯುವವರ ನಂಬಿಕೆಯನ್ನು ಪ್ರಶ್ನಿಸಬೇಕಿಲ್ಲ. ಪೂಜೆಯ ಕಾರಣಕ್ಕೆ ತಪಾಸಣೆ ಮುಂದೂಡದಿದ್ದರೆ ಸಾಕು. ಆದರೆ ಗರ್ಭ ಕಳೆದುಕೊಂಡವಳನ್ನು ಇನ್ನೊಬ್ಬಳ ಸೀಮಂತದಲ್ಲಿ ಮಡಿಲು ತುಂಬಲು ಕರೆಯದೆ ದೂರ ನಿಲ್ಲಿಸುವ ಪದ್ಧತಿಯನ್ನು ಹಿರಿಯ ಹೆಂಗಸರೇ ಕೈಬಿಡಬೇಕು. ನಿದ್ರೆ ಬಾರದಿದ್ದರೆ, ಬದುಕು ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಈ ಸೇವೆ ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ರಜೆಯ ಹಕ್ಕು

1961ರ ಹೆರಿಗೆ ಸೌಲಭ್ಯ ಕಾಯಿದೆ ಗರ್ಭಪಾತವಾದ ಉದ್ಯೋಗಸ್ಥ ಮಹಿಳೆಗೆ ಆರು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ. 26ನೇ ವಾರದವರೆಗಿನ ಗರ್ಭನಷ್ಟ ಇದರಲ್ಲಿ ಸೇರುತ್ತದೆ. ಅದರಿಂದಾದ ಕಾಯಿಲೆಗೆ ಇನ್ನೊಂದು ತಿಂಗಳು ಪಡೆಯಬಹುದು. ಇಎಸ್ಐ ವ್ಯಾಪ್ತಿಯಲ್ಲಿರುವ ಗಾರ್ಮೆಂಟ್ಸ್ ಕಾರ್ಮಿಕರಿಗೂ ಆರು ವಾರಗಳ ಸೌಲಭ್ಯ ಉಂಟು. ವೈದ್ಯರ ಪ್ರಮಾಣಪತ್ರ ಬೇಕು.

ಮತ್ತೆ ಗರ್ಭ ನಿಂತಾಗ

ಆರೇಳು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿ. ಗರ್ಭ ಗರ್ಭಕೋಶದಲ್ಲೇ ಇದೆಯೇ, ಎದೆಬಡಿತ ಕಾಣುತ್ತಿದೆಯೇ ಎಂದು ತಿಳಿಯುತ್ತದೆ. ಎದೆಬಡಿತ ಕಂಡ ಮೇಲೆ ವಾರ ವಾರಕ್ಕೂ ಅಪಾಯ ಇಳಿಯುತ್ತಾ ಹೋಗುತ್ತದೆ. ಒಂದು ಪಕ್ಕದಲ್ಲಿ ತೀವ್ರ ಹೊಟ್ಟೆನೋವು, ತಲೆ ಸುತ್ತಿ ಬೀಳುವುದು, ಗಂಟೆಗೆ ಒಂದು ಪ್ಯಾಡ್ ನೆನೆಯುವಷ್ಟು ರಕ್ತ, ಜ್ವರದೊಂದಿಗೆ ದುರ್ವಾಸನೆಯ ಸ್ರಾವ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. 108 ಆಂಬುಲೆನ್ಸ್ ಇರುವುದು ಇದಕ್ಕೂ ಹೌದು.

ಹಳೆಯ ಸ್ಕ್ಯಾನ್ ವರದಿ, ಡಿಸ್‌ಚಾರ್ಜ್ ಕಾಗದ, ತಾಯಿ ಕಾರ್ಡ್ ಇವನ್ನು ನೋವಿನಲ್ಲಿ ಹರಿದು ಎಸೆಯಬೇಡಿ. ಗರ್ಭ ಎಷ್ಟನೇ ವಾರದಲ್ಲಿ ನಿಂತಿತು, ಎದೆಬಡಿತ ಕಂಡಿತ್ತೇ, ಏನು ಔಷಧಿ ಕೊಟ್ಟರು ಎಂಬುದೆಲ್ಲ ಮುಂದಿನ ವೈದ್ಯರಿಗೆ ಬೇಕು. ಅವನ್ನು ಹಿಡಿದು ಮೊದಲ ಭೇಟಿಗೆ ಗಂಡ-ಹೆಂಡತಿ ಇಬ್ಬರೂ ಹೋಗಿ.